ಅನ್ನದ ಅಗುಳಿನಲ್ಲಿ ಅಂಟಿಸಿದ ಕವರು

ನನ್ನ ಮೊಮ್ಮಗಳಿಗೆ ಪತ್ರಿಕೆಯಲ್ಲಿ ಕೆಲಸ ಖಾಯಂ ಆಯಿತು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಮೂರು ತಾಲ್ಲೂಕಿಗೂ ಇನ್ನು ಮೇಲೆ ಅವಳೇ ವರದಿಗಾರ್ತಿ. ಪತ್ರ ಬಂದದ್ದು ನಿನ್ನೆ ಬೆಳಿಗ್ಗೆ ಹತ್ತೂವರೆಗೆ. ಹನ್ನೊಂದು ಗಂಟೆಯ ಹೊತ್ತಿಗೆ ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಈ ವಿಷಯ ಗೊತ್ತಿಲ್ಲದವರು ಯಾರೂ ಉಳಿದಿರಲಿಲ್ಲ. ಶೃಂಗೇರಿ ಬಸ್ಸು ಹೊರಡುವಾಗ ನಾನು ಊರಿನ ಹೆಸರು ಕೂಗುವ ಬದಲು "ಖಾಯಂ, ಖಾಯಂ" ಎಂದು ಕೂಗಿದೆನಂತೆ. ಹಾಗೆಂದು ಕಂಡಕ್ಟರ್ ಹೇಳುತ್ತಾನೆ. ನನಗೆ ನೆನಪಿಲ್ಲ, ಆದರೆ ಇಲ್ಲ ಎನ್ನುವ ಧೈರ್ಯವೂ ಇಲ್ಲ.

ಹಾಗಂತ ಪತ್ರ ಕೈಗೆ ಬಂದ ಕೂಡಲೇ ನಂಬಿದವನಲ್ಲ ನಾನು. ಮೊದಲು ಅದನ್ನು ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನ ಯಜಮಾನರ ಹತ್ತಿರ ಓದಿಸಿದೆ. ಆಮೇಲೆ ಮಡಿಸಿ ಒಳಜೇಬಿಗೆ ಹಾಕಿಕೊಂಡು, ಅವರಿಗೆ ಕಾಣದಂತೆ ಹಿಂದಿನ ಓಣಿಯಿಂದ ಸುತ್ತಿ ಬಂದು, ಮೆಡಿಕಲ್ ಶಾಪಿನವರ ಹತ್ತಿರ ಇನ್ನೊಮ್ಮೆ ಓದಿಸಿದೆ. ಹೋಟೆಲಿನವರು ಏನು ಓದಿದರೋ ಇವರೂ ಅದನ್ನೇ ಓದಿದರು. ಆಗ ಎದೆ ಹಗುರಾಯಿತು.

ಇದು ನನ್ನ ಹಳೆಯ ಅಭ್ಯಾಸ. ಮೂರನೆಯ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಬಸ್ಸಿನ ಬೋರ್ಡು, ಪೇಪರಿನ ದಪ್ಪ ಅಕ್ಷರ ಓದಬಲ್ಲೆ. ಸಣ್ಣ ಅಕ್ಷರ ಬಂದರೆ, ಕೈಬರಹ ಬಂದರೆ ತಡವರಿಸುತ್ತೇನೆ. ಈಗ ಇದನ್ನು ಕೂಡ ನಾನು ಹೇಳುತ್ತಿದ್ದೇನೆ, ಸೊಸೆ ಬರೆದುಕೊಳ್ಳುತ್ತಿದ್ದಾಳೆ. ಹೇಳಿದ್ದನ್ನೇ ಬರೆದಿದ್ದಾಳೋ ಇಲ್ಲವೋ ಎಂದು ಆಮೇಲೆ ಮೆಡಿಕಲ್ ಶಾಪಿನವರ ಹತ್ತಿರ ಓದಿಸಿ ನೋಡುವವನಿದ್ದೇನೆ. ಅದನ್ನೂ ಬರೆ ಎಂದಿದ್ದೇನೆ.

ನನ್ನ ಪ್ರಾಯದ ಕಾಲದಲ್ಲಿ, ಅಡ್ಡಗದ್ದೆಯಲ್ಲಿದ್ದ ಅಕ್ಕನ ಮನೆಯಿಂದ ಒಂದು ಕಾರ್ಡು ಬಂದಿತ್ತು. ಓದಿಕೊಟ್ಟವನಿಗೆ ಬಸ್ಸು ಹಿಡಿಯುವ ಅವಸರ. ಮೇಲಿನ ಎರಡು ಸಾಲು ಓದಿ, "ಎಲ್ಲ ಕ್ಷೇಮವಂತೆ ಮಾರಾಯ" ಎಂದು ಕಾರ್ಡನ್ನು ನನ್ನ ಕೈಗಿಟ್ಟು ಓಡಿದ. ಅಕ್ಕನಿಗೆ ತೀರಾ ಹುಷಾರಿಲ್ಲ, ಕೂಡಲೇ ಹೊರಟು ಬಾ ಎಂದು ಬರೆದದ್ದು ಕೆಳಗಿನ ಸಾಲಿನಲ್ಲಿತ್ತು. ನಾನು ಅಡ್ಡಗದ್ದೆಗೆ ಹೋಗಿ ಇಳಿದದ್ದು ಅವಳ ಹನ್ನೊಂದನೆಯ ದಿನಕ್ಕೆ. ಅಂದಿನಿಂದ ಯಾವ ಕಾಗದವನ್ನೂ ಒಬ್ಬರ ಬಾಯಿಂದ ಕೇಳಿ ನಂಬಿಲ್ಲ.

ನನ್ನ ಕೆಲಸವೂ ಅಂಥದ್ದೇ. ಬಸ್ ಏಜೆಂಟ್. ಕೂಗಿ ಜನ ಹತ್ತಿಸುವುದು, ಪಾರ್ಸೆಲ್ಲು ಏರಿಸುವುದು, ಯಾರ ಚೀಲವನ್ನು ಯಾರು ಇಳಿಸಿಕೊಂಡು ಹೋಗುತ್ತಾರೆ ಎಂದು ಕಣ್ಣಿಡುವುದು. ದಿನವಿಡೀ ಹೀಗೆ ನೋಡಿ ನೋಡಿ ಆ ಕಣ್ಣು ಮನೆಗೆ ಬಂದ ಮೇಲೂ ಸುಮ್ಮನಿರುವುದಿಲ್ಲ. "ನೆಂಟರು ಬಂದರೆ ನಮ್ಮ ಮನೆಯವರು ಮುಖ ನೋಡುವ ಮೊದಲು ಚೀಲ ನೋಡ್ತಾರೆ" ಎಂದು ನನ್ನ ಹೆಂಡತಿ ಊರಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ.

ಇಂಥವನ ಮುಂದೆ ಬಂದು ಮೊಮ್ಮಗಳು ಕಾಲೇಜಿನಲ್ಲಿ ಪತ್ರಿಕೋದ್ಯಮ ತೆಗೆದುಕೊಳ್ಳುತ್ತೇನೆ ಎಂದಳು. ಇಂಥದ್ದೊಂದು ಪಾಠ ಇದೆ ಎನ್ನುವುದರ ಮೇಲೆಯೇ ನನಗೆ ಅನುಮಾನ.

"ಪೇಪರ್ ಓದ್ಲಿಕ್ಕೆ ಕಾಲೇಜು ಎಂತಕ್ಕೆ ಮಗಾ? ಬೆಳಿಗ್ಗೆ ಆರಕ್ಕೆ ಬಸ್‌ಸ್ಟ್ಯಾಂಡಿಗೆ ಬಾ. ಬಂಡಲ್ಲೇ ಬಂದು ಬೀಳ್ತದೆ."

"ಓದ್ಲಿಕ್ಕಲ್ಲ ಅಜ್ಜ, ಬರೀಲಿಕ್ಕೆ."

"ಊರವರ ಮನೆ ವಿಷಯ ಬರೀಲಿಕ್ಕೆ ಪರೀಕ್ಷೆ ಬೇರೆ ಇಡ್ತಾರಾ?"

"ಇಡ್ತಾರೆ. ನೀವು ಕೂತಿದ್ರೆ ಫಸ್ಟ್ ಕ್ಲಾಸ್ ಬರ್ತಿತ್ತು."

ಓದಿದಳು. ಕೊಪ್ಪದಲ್ಲಿ ಬಿ.ಎ. ಮುಗಿಸಿ, ಶಿವಮೊಗ್ಗದ ಕಡೆ ಹೋಗಿ ಅದರಲ್ಲೇ ಎಂ.ಎ. ಮಾಡಿಕೊಂಡು ಬಂದಳು. ಬಂದವಳು ಶಿವಮೊಗ್ಗದ ಒಂದು ದಿನಪತ್ರಿಕೆಗೆ ಕೊಪ್ಪದಿಂದ ಬಿಡಿ ಸುದ್ದಿ ಕಳಿಸುವ ಕೆಲಸ ಹಿಡಿದಳು. ಕೆಲಸ ಅಂದರೆ ಅವರ ಹಾಜರಿ ಪುಸ್ತಕದಲ್ಲಿ ಇವಳ ಹೆಸರಿಲ್ಲ. ಸುದ್ದಿ ಅಚ್ಚಾದರೆ ಆಯಿತು, ಇಲ್ಲದಿದ್ದರೆ ಇಲ್ಲ. ಒಂದು ದಿನ ಬೇಡ ಎಂದರೆ ಕೇಳುವ ಹಾಗೂ ಇಲ್ಲ.

ನನ್ನ ಮಗ, ಅಂದರೆ ಅವಳ ಅಪ್ಪ, ಬಾಳೆಹೊನ್ನೂರಿನ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್. ಹೆಚ್ಚು ಮಾತಿನವನಲ್ಲ. ಎರಡು ವರ್ಷ ನೋಡುತ್ತೇನೆ ಎಂದ. ಅಷ್ಟರೊಳಗೆ ಖಾಯಂ ಆಗದಿದ್ದರೆ ಬಿ.ಎಡ್. ಮಾಡಿ ಟೀಚರ್ ಆಗಬೇಕು. ಎರಡನೆಯ ವರ್ಷ ಬಿ.ಎಡ್. ಅರ್ಜಿಯ ಫಾರಂ ತಂದು ದೇವರ ಗೂಡಿನ ಪಕ್ಕ ಇಟ್ಟೂಬಿಟ್ಟ. ಬೆಳಿಗ್ಗೆ ದೀಪ ಹಚ್ಚಲು ಹೋದವರಿಗೆಲ್ಲ ಮೊದಲು ಕಾಣುವುದು ಅದೇ. ಮೊಮ್ಮಗಳು ಅದನ್ನು ನೋಡಿಯೂ ನೋಡದಂತೆ ಕೈ ಮುಗಿದು ಹೋಗುತ್ತಿದ್ದಳು.

ನಾನು ಯಾರ ಪಕ್ಷ ಎಂದು ಕೇಳಿದರೆ, ಆಗ ಮಗನ ಪಕ್ಷವೇ. ಹೆಸರಿಲ್ಲದ ಕೆಲಸ, ಮುಖ ಕಾಣದ ಸಂಪಾದಕ. ಬಸ್‌ಸ್ಟ್ಯಾಂಡಿನಲ್ಲಿ ನಿಂತವನಿಗೆ ಇಂಥದ್ದು ಎಷ್ಟು ಕಂಡಿಲ್ಲ.

ಆಗ ಮೊಬೈಲು ಇದ್ದವರಿಗೂ ಸಿಗ್ನಲ್ ಸಿಗಬೇಕಾದರೆ ಗುಡ್ಡ ಹತ್ತಬೇಕು. ಕಂಪ್ಯೂಟರ್ ಅಂಗಡಿಯಲ್ಲಿ ಲೈನು ಇದ್ದರೆ ಕರೆಂಟಿಲ್ಲ. ಹಾಗಾಗಿ ಪೇಪರಿನವರು ಸುದ್ದಿಯನ್ನು ಕೈಯಲ್ಲಿ ಬರೆದು, ಕವರಿಗೆ ಹಾಕಿ, ಶಿವಮೊಗ್ಗದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಡುತ್ತಿದ್ದರು. ಅಲ್ಲಿ ಪತ್ರಿಕೆಯವರು ಬಂದು ಇಳಿಸಿಕೊಳ್ಳುತ್ತಿದ್ದರು. ಉಳಿದವರೆಲ್ಲ ಆ ಕವರನ್ನು ನನ್ನ ಕೈಗೇ ಕೊಡುವುದು. ಇವಳೊಬ್ಬಳು ಮಾತ್ರ ಶುರುವಿನಲ್ಲೇ, ನಾನು ಆಚೆ ನೋಡುತ್ತಿದ್ದೇನೆ ಎಂದುಕೊಂಡು, ಹೋಟೆಲಿನ ಮಗ್ಗುಲಿಂದ ಬಂದು ನಾಲ್ಕು ಗಂಟೆ ಬಸ್ಸಿನ ಕಂಡಕ್ಟರನಿಗೆ ಕೊಟ್ಟು ಹೋಗುವುದನ್ನು ಕಂಡೆ. ಕಂಡಕ್ಟರ್ ಪ್ರಾಯದವನು. ಕೂದಲು ಹಣೆಯ ಮೇಲೆ ಇಳಿಬಿಟ್ಟವನು.

ಏನು ಯೋಚಿಸಬಾರದಿತ್ತೋ ಅದನ್ನೇ ಯೋಚಿಸಿದೆ.

"ಕವರು ಕೊಡು ಇಲ್ಲಿ" ಎಂದೆ ಅವನಿಗೆ.

"ಪ್ರೆಸ್ಸಿನದ್ದು ಅಜ್ಜ. ಶಿವಮೊಗ್ಗಕ್ಕೆ."

"ಪ್ರೆಸ್ಸೋ ಇಸ್ತ್ರಿಯೋ ಆಮೇಲೆ ನೋಡುವ. ಏಜೆಂಟ್ ನೀನಾ ನಾನಾ?"

ಕೊಟ್ಟ. ಬಸ್ಸು ಹೋಯಿತು. ನಾನು ಹೋಟೆಲಿನ ಒಳಗೆ ಹೋಗಿ, ಚಹಾದ ಹಂಡೆಯ ಹಬೆಗೆ ಹಿಡಿದು ಕವರನ್ನು ಬಿಚ್ಚಿದೆ. ಒಳಗಿದ್ದ ಹಾಳೆಯನ್ನು ಯಜಮಾನರು ಓದಿದರು. ಓದುತ್ತ ಓದುತ್ತ ಅವರ ದನಿ ಸಣ್ಣದಾಯಿತು. ಮೆಡಿಕಲ್ ಶಾಪಿನವರೂ ಓದಿದರು. ಎರಡೂ ಒಂದೇ.

ಪ್ರೇಮಪತ್ರವಾಗಿದ್ದರೆ ವಾಸಿಯಿತ್ತೋ ಏನೋ. ಅದು ನನ್ನ ಮೇಲಿನ ವರದಿ. ಹೆಸರಿರಲಿಲ್ಲ. ಬಸ್ ಏಜೆಂಟರು ಗುರುತಿನವರಿಗಾಗಿ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದಿಡುತ್ತಾರೆ, ಟವೆಲಿಗೆ ಸೀಟು ಸಿಗುತ್ತದೆ, ಹಸುಗೂಸನ್ನು ಎತ್ತಿಕೊಂಡ ಬಾಣಂತಿ ಕೊಪ್ಪದಿಂದ ಕೊನೆಯವರೆಗೆ ನಿಂತು ಹೋಗುತ್ತಾಳೆ ಎಂದು ಬರೆದಿದ್ದಳು. ಟವೆಲಿನ ಬಣ್ಣವನ್ನೂ ಬರೆದಿದ್ದಳು. ಕೆಂಪು ಚೌಕಳಿ. ಆ ಹೊತ್ತಿಗೆ ಅದು ನನ್ನ ಹೆಗಲ ಮೇಲೇ ಇತ್ತು. ಮೆಡಿಕಲ್ ಶಾಪಿನವರು ಒಮ್ಮೆ ಹಾಳೆ ನೋಡಿದರು, ಒಮ್ಮೆ ನನ್ನ ಹೆಗಲು ನೋಡಿದರು, ಮಾತ್ರೆ ಎಣಿಸಲು ಹೋದರು.

ಬಾಣಂತಿಯ ವಿಷಯ ಸುಳ್ಳಲ್ಲ. ಅವಳು ನನಗೂ ನೆನಪಿದ್ದಳು. ಅವತ್ತು ನಾನು ಬೇರೆ ಕಡೆ ನೋಡಿದ್ದೆ.

ಆ ಕವರನ್ನು ಒಂದು ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಹರಿದು ಹಾಕಿದರೆ ಕೇಳುವವರಿಲ್ಲ. ದಾರಿಯಲ್ಲಿ ಕಳೆದುಹೋಯಿತು ಎಂದರೆ ಮುಗಿಯಿತು. ಮನೆಯಲ್ಲಿ ಮೊಮ್ಮಗಳು ಬೆಳಿಗ್ಗೆ ಪೇಪರ್ ತಿರುಗಿಸಿ ತಿರುಗಿಸಿ ನೋಡಿದಳು. ಅದು ಅವಳ ಮೊದಲನೆಯ ವರದಿ ಎಂದು ನನಗೆ ಗೊತ್ತಾದದ್ದು ಆಗಲೇ. ಅವಳು ಪೇಪರ್ ಮಡಿಸಿಟ್ಟಳು. ಆ ಮಡಿಸಿದ ರೀತಿ ನನಗೆ ನೋಡಲಾಗಲಿಲ್ಲ. ಮಧ್ಯಾಹ್ನ ಹೋಟೆಲಿನಲ್ಲಿ ಎಲೆಯ ತುದಿಯಿಂದ ನಾಲ್ಕು ಅಗುಳು ಅನ್ನ ತೆಗೆದು ಅರೆದು, ಕವರು ಅಂಟಿಸಿ, ನಾಲ್ಕು ಗಂಟೆ ಬಸ್ಸಿನ ಕಂಡಕ್ಟರನಿಗೆ ನಾನೇ ಕೊಟ್ಟೆ. "ಜೋಪಾನ" ಎಂದೆ.

ವರದಿ ಬಂತು. ಬಸ್ಸಿನ ಮಾಲೀಕರು ಕರೆಸಿ, "ಪೊಲೀಸ್ ಸ್ಟೇಷನ್ನನ್ನು ಮನೆಯೊಳಗೇ ಇಟ್ಟುಕೊಂಡಿದ್ದೀಯಲ್ಲ ಮಾರಾಯ" ಎಂದರು. ಟವೆಲ್ ಎಸೆಯುವುದು ಅಂದಿಗೆ ನಿಂತಿತು. ಮೊಮ್ಮಗಳು ಒಂದು ಮಾತು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅವಳಿಗೆ ಗೊತ್ತಿದೆಯೋ ಇಲ್ಲವೋ ಎಂಬ ಅನುಮಾನ ಮಾತ್ರ ಎರಡು ವರ್ಷವೂ ನನ್ನ ಜೊತೆಗೇ ಊಟ ಮಾಡಿತು. ಅವಳು ಸುಮ್ಮನೆ ನಕ್ಕರೂ ನನಗೆ ಸಂಶಯ. "ಅಜ್ಜ, ಈ ಕವರು ಹಾಕಿಬಿಡಿ" ಎಂದು ಆಮೇಲಾಮೇಲೆ ನನ್ನ ಕೈಯಲ್ಲೇ ಕೊಡತೊಡಗಿದಳು. ಅದಕ್ಕೂ ಸಂಶಯ.

ಎರಡನೆಯ ವರ್ಷ, ಫಾರಂ ದೇವರ ಗೂಡಿಗೆ ಬಂದು ಕೂತ ಮೇಲೆ, ಒಂದು ಸಂಜೆ ಮನೆಯ ಫೋನಿಗೆ ಕರೆ ಬಂತು. ಮೇಗುಂದದ ಕಡೆಯ ಹಿರಿಯರೊಬ್ಬರು, ನಾಲ್ಕು ಊರಿಗೆ ಬೇಕಾದವರು, ಅವತ್ತು ಬೆಳಿಗ್ಗೆ ಎಂಟಕ್ಕೆ ಮನೆಯಲ್ಲೇ ತೀರಿಕೊಂಡರು, ನಾಳೆಯ ಪೇಪರಿನಲ್ಲಿ ಹಾಕಿ ಎಂದು. ಕರೆ ಮಾಡಿದವನು ನೆರೆಮನೆಯವನಂತೆ. ಹೆಸರು ಕೇಳುವಷ್ಟರಲ್ಲಿ ಇಟ್ಟುಬಿಟ್ಟ. ಮೊಮ್ಮಗಳು ಗಡಿಬಿಡಿಯಲ್ಲಿ ಬರೆಯಲು ಕೂತಳು. ಶಿವಮೊಗ್ಗದ ಬಸ್ಸು ಹೋಗಿ ಆಗಿತ್ತು, ಇನ್ನು ಮುಕ್ಕಾಲು ಗಂಟೆಯಲ್ಲಿ ಎಸ್.ಟಿ.ಡಿ. ಬೂತಿನಿಂದ ಫ್ಯಾಕ್ಸ್ ಮಾಡದಿದ್ದರೆ ಪುಟ ಮುಗಿದುಹೋಗುತ್ತದೆ.

ನಾನು ಆಗಷ್ಟೇ ಕಾಲು ತೊಳೆದು ಒಳಗೆ ಬಂದವನು. "ಯಾರು ಅಂದೆ?" ಎಂದು ಕೇಳಿದೆ. ಹೇಳಿದಳು.

"ಅವರ ಮಗ ಎರಡು ಗಂಟೆ ಬಸ್ಸಿಗೆ ಊರಿಂದ ಬಂದು ಇಳಿದಿದ್ದಾನೆ. ನನ್ನನ್ನೇ ಮಾತಾಡಿಸಿದ. ಬಾಯಿ ತುಂಬ ಎಲೆ ಅಡಿಕೆ."

"ಹೌದಾ?"

"ಬೆಳಿಗ್ಗೆ ಅಪ್ಪ ತೀರಿಕೊಂಡವ ಸೂತಕದಲ್ಲಿ ಬಾಯಿ ಕೆಂಪು ಮಾಡಿಕೊಂಡು ಪೇಟೆಗೆ ಬರ್ತಾನಾ? ತೀರಿಹೋದರೆ ಕವಳ ಮುಟ್ಟುದುಂಟಾ ಯಾರಾದರೂ?"

ಅವಳು ಪೆನ್ನು ಕೆಳಗಿಟ್ಟಳು. ಆ ಮನೆಗೆ ಫೋನ್ ಮಾಡಿದಳು, ರಿಂಗ್ ಆಗಲಿಲ್ಲ. ಪಕ್ಕದ ಊರಿನ ಗುರುತಿನವರಿಗೆ ಮಾಡಿದಳು. ಅವರು ತೀರ್ಥಹಳ್ಳಿಗೆ ಹೋಗಿದ್ದರು. ಹೋಗಿ ನೋಡಿ ಬರೋಣವೆಂದರೆ ಆ ಹೊತ್ತಿಗೆ ಬಸ್ಸಿಲ್ಲ, ಅದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಗೋಡೆಯ ಗಡಿಯಾರ ನೋಡಿದಳು.

"ಬೇರೆ ಪೇಪರಿನವರಿಗೂ ಫೋನ್ ಹೋಗಿರ್ತದೆ ಅಜ್ಜ. ಅವರೆಲ್ಲ ಹಾಕಿ ನನ್ನದೊಂದೇ ತಪ್ಪಿಹೋದ್ರೆ, ಎಂತ ಹೇಳಲಿ ನಾನು? ಎಲೆ ಅಡಿಕೆ ತಿಂದಿದ್ದ ಅನ್ಲಾ?"

"ಒಂದೇ ಬಾಯಿ ಹೇಳಿದ್ದು. ಇನ್ನೊಂದು ಬಾಯಿ ಬೇರೆ ಹೇಳ್ತಾ ಉಂಟು. ನಾನಾಗಿದ್ರೆ ನಂಬುದಿಲ್ಲ."

ಅವಳು ಕಳಿಸಲಿಲ್ಲ.

ಮರುದಿನ ಬೆಳಿಗ್ಗೆ ಬಂಡಲ್ ಬಿಚ್ಚಿ ನೋಡಿದರೆ ಬೇರೆ ಎರಡು ಪೇಪರಿನಲ್ಲಿ ಆ ಹಿರಿಯರ ಫೋಟೋ. ದಪ್ಪ ಅಕ್ಷರದಲ್ಲಿ 'ನಿಧನ'. ಅಷ್ಟನ್ನು ನಾನೇ ಓದಿದೆ. ನನ್ನ ಕಣ್ಣಿನ ಮೇಲೇ ನನಗೆ ಅನುಮಾನ ಬಂದದ್ದು ಅದೊಂದು ಸಲ. ಬಂದಿಳಿದವನು ಆ ಮಗನೇ ಹೌದಾ? ಕೆಂಪಗಿದ್ದದ್ದು ಎಲೆ ಅಡಿಕೆಯೇ ಹೌದಾ? ಮನೆಗೆ ಬಂದರೆ ಆಗಲೇ ಶಿವಮೊಗ್ಗದಿಂದ ಫೋನ್ ಬಂದಾಗಿತ್ತು. ಮೊಮ್ಮಗಳು "ಹೌದು ಸಾರ್, ಇಲ್ಲ ಸಾರ್" ಎನ್ನುತ್ತ ನಿಂತಿದ್ದಳು. ರಜೆಯಲ್ಲಿ ಬಂದಿದ್ದ ಮಗ ಎದ್ದ. ದೇವರ ಗೂಡಿನ ಪಕ್ಕದಿಂದ ಫಾರಂ ತೆಗೆದು, ಧೂಳು ಒರೆಸಿ, ಅವಳ ಮೇಜಿನ ಮೇಲೆ ಪೆನ್ನಿನ ಜೊತೆ ಇಟ್ಟ.

ಒಂಬತ್ತೂವರೆಯ ಬಸ್ಸು ಬಂತು. ಹಿಂದಿನ ಬಾಗಿಲಿನಿಂದ, ಕೊಡೆ ಊರಿಕೊಂಡು, ಆ ಹಿರಿಯರೇ ಇಳಿದರು.

ನಾನು ಅವರನ್ನು ನೋಡಿದೆ. ಅವರು ನನ್ನನ್ನು ನೋಡಿದರು.

"ನಾನು ಸತ್ತ ಪೇಪರ್ ಯಾವುದು ಮಾರಾಯ? ಎರಡೂ ಒಂದೊಂದು ಕೊಡು. ಮನೆಯಲ್ಲಿ ಹೆಂಗಸರು ನೋಡಬೇಕಂತೆ."

ಅವರ ತೋಳನ್ನು ಮುಟ್ಟಿ ನೋಡಿದೆ. ಸುಳ್ಳು ಯಾಕೆ ಹೇಳಲಿ, ಎರಡು ಸಲ ಮುಟ್ಟಿದೆ. ಆಮೇಲೆ ಅವರನ್ನು ಕೈ ಹಿಡಿದು ನೇರ ಮನೆಗೆ ಕರೆದುಕೊಂಡು ಹೋದೆ. ಶಿವಮೊಗ್ಗದ ಬಸ್ಸು ಅವತ್ತು ನನ್ನ ಕೂಗು ಇಲ್ಲದೆ ಹೊರಟಿತು. ಮೊಮ್ಮಗಳು ಅವರಿಗೆ ಕಾಫಿ ಕೊಟ್ಟು, ಪಕ್ಕದಲ್ಲಿ ಕೂತು, ಒಂದೊಂದೇ ಕೇಳಿ ಬರೆದುಕೊಂಡಳು. ಮರುದಿನ ಅವಳ ಪೇಪರಿನಲ್ಲಿ ಮಾತ್ರ, ಅವರು ಕೈಯಲ್ಲಿ ತಮ್ಮದೇ ಸಾವಿನ ಸುದ್ದಿ ಹಿಡಿದುಕೊಂಡು ನಗುವ ಫೋಟೋ ಬಂತು. ಹಿಂದಿನ ದಿನ ಬೈದ ಸಂಪಾದಕರೇ ಫೋನ್ ಮಾಡಿ, ಯಾವ ಧೈರ್ಯದ ಮೇಲೆ ಕಳಿಸದೆ ಉಳಿದೆ ಎಂದು ಕೇಳಿದರಂತೆ. "ಮನೆಯಲ್ಲಿ ಅಜ್ಜ ಇದ್ದಾರೆ ಸಾರ್" ಎಂದಳಂತೆ ಇವಳು.

ಆ ಕರೆ ಮಾಡಿದವನು ಯಾರೆಂದು ಇಂದಿಗೂ ತಿಳಿದಿಲ್ಲ. ನನಗೆ ಒಬ್ಬನ ಮೇಲೆ ಅನುಮಾನವಿದೆ. ಆದರೆ ಸಿಕ್ಕಿರುವುದು ಒಂದು ಬಾಯಿ ಮಾತ್ರ, ಅದಕ್ಕೆ ಸೊಸೆಯ ಹತ್ತಿರ ಬರೆಸುವುದಿಲ್ಲ.

ಇದಾಗಿ ನಾಲ್ಕು ತಿಂಗಳಿಗೆ, ನಿನ್ನೆ, ಪತ್ರ ಬಂತು. ನಿನ್ನೆಯೇ ಮಧ್ಯಾಹ್ನ ಅವಳು ಓದಿದ ಕಾಲೇಜಿನಲ್ಲಿ ಪತ್ರಿಕೋದ್ಯಮ ಓದುವ ಮಕ್ಕಳಿಗೆ ನಾಲ್ಕು ಮಾತು ಹೇಳಬೇಕೆಂದು ಮೊದಲೇ ಕರೆದಿದ್ದರು. "ನೀವೂ ಬನ್ನಿ ಅಜ್ಜ" ಎಂದಳು. ನನ್ನನ್ನು ಯಾಕೆ ಕರೆಯುತ್ತಾಳೆ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಒಗೆದ ಅಂಗಿ ಹಾಕಿಕೊಂಡು ಹಿಂದಿನ ಬೆಂಚಿನಲ್ಲಿ, ಬಾಗಿಲಿಗೆ ಹತ್ತಿರ ಕೂತೆ.

ನಮ್ಮ ಮನೆಯ ಹುಡುಗಿ ಹಾಗೆ ನಿಂತು ಮಾತಾಡುವುದನ್ನು ನಾನು ನೋಡಿರಲಿಲ್ಲ. ಮಕ್ಕಳ ತಲೆ ತಿರುಗಿಸುವ ಮಾತು ಒಂದೂ ಆಡಲಿಲ್ಲ. "ಓದು ಮುಗಿದ ಕೂಡಲೇ ಕುರ್ಚಿ ಸಿಗ್ತದೆ ಅಂದ್ಕೊಂಡು ಬರಬೇಡಿ. ನನಗೆ ಎರಡು ವರ್ಷ ಹಿಡೀತು. ಮನೆಯಲ್ಲಿ ಊಟ ಹಾಕ್ತಿದ್ರು, ಅದಕ್ಕೆ ತಡ್ಕೊಂಡೆ. ನಿಮ್ಮ ಮನೆಯಲ್ಲಿ ಎಷ್ಟು ದಿನ ತಡೀತಾರೆ ಅಂತ ಕೇಳ್ಕೊಂಡು ಬನ್ನಿ" ಎಂದಳು. ಕಂಪ್ಯೂಟರಿನಲ್ಲಿ ಕನ್ನಡ ಟೈಪಿಂಗ್ ಈಗಲೇ ಕಲಿಯಿರಿ, ಬಸ್ಸಿನಲ್ಲಿ ಕವರು ಹೋಗುವ ಕಾಲ ಇನ್ನು ಹೆಚ್ಚಿಲ್ಲ ಎಂದಳು. ಭಂಡಿಗಡಿಯ ಹುಡುಗಿಯೊಬ್ಬಳು ಎದ್ದು ನಿಂತು, "ಅಕ್ಕ, ಮೊದಲ ಸುದ್ದಿ ಎಲ್ಲಿ ಹುಡುಕೋದು?" ಎಂದು ಕೇಳಿದಳು.

"ನಿಮ್ಮ ಮನೆ ಹತ್ರವೇ ಹುಡುಕಿ. ಬರೀಲಿಕ್ಕೆ ಕಷ್ಟ ಆಗ್ತದೆ. ಆಗ್ಲಿ" ಎಂದಳು. "ನನ್ನ ಮೊದಲ ವರದಿಯ ಕವರಿಗೆ ನಾನು ಗೋಂದು ಹಚ್ಚಿದ್ದೆ. ಅದು ಶಿವಮೊಗ್ಗಕ್ಕೆ ಒಂದು ದಿನ ತಡವಾಗಿ ಮುಟ್ಟಿತು. ಮುಟ್ಟುವಾಗ ಗೋಂದು ಇರಲಿಲ್ಲ, ಅನ್ನದ ಅಗುಳು ಇತ್ತು. ಪತ್ರಿಕೆಯ ಡೆಸ್ಕಿನವರು ಫೋನ್ ಮಾಡಿ, ನಿಮ್ಮ ಕವರು ದಾರಿಯಲ್ಲಿ ಊಟ ಮಾಡಿ ಬಂದಿದೆಯಲ್ಲ ಅಂದ್ರು."

ಮಕ್ಕಳೆಲ್ಲ ನಕ್ಕರು. ನಾನು ಬಾಗಿಲು ಎಷ್ಟು ದೂರ ಎಂದು ನೋಡಿದೆ.

"ಬಿಚ್ಚಿದವರ ಮೇಲೇ ಇತ್ತು ಆ ವರದಿ. ಹರಿದು ಒಲೆಗೆ ಹಾಕಿದ್ರೆ ನನಗೆ ಗೊತ್ತಾಗ್ತಿರಲಿಲ್ಲ. ಅವರು ಅಂಟಿಸಿ ಕಳಿಸಿದರು. ನಾಳೆ ನೀವು ವರದಿಗಾರರಾದ್ರೆ, ನಿಮ್ಮ ಮೇಲೇ ಬರೆದ ಕಾಗದ ಒಂದಲ್ಲ ಒಂದು ದಿನ ನಿಮ್ಮ ಕೈಗೆ ಬರ್ತದೆ. ಅವತ್ತು ಎಂತ ಮಾಡ್ತೀರಿ ಅಂತ ಈಗಲೇ ಯೋಚನೆ ಮಾಡಿಟ್ಕೊಳ್ಳಿ. ನನಗೆ ಇದಕ್ಕಿಂತ ದೊಡ್ಡ ಪಾಠ ಯಾರೂ ಮಾಡ್ಲಿಲ್ಲ."

ಅವಳು ಹಿಂದಿನ ಬೆಂಚಿನ ಕಡೆ ನೋಡಲಿಲ್ಲ. ನಾನು ಟವೆಲಿನಲ್ಲಿ ಮುಖ ಒರೆಸಿಕೊಂಡೆ. ಸೆಕೆ ಇತ್ತು.

ಮನೆಗೆ ಬರುವಾಗ ದಾರಿಯಲ್ಲಿ ಕೇಳಿಯೇಬಿಟ್ಟೆ. "ಎರಡು ವರ್ಷದಿಂದ ಗೊತ್ತಿದ್ದೂ ಯಾಕೆ ಒಂದು ಮಾತು ಆಡಲಿಲ್ಲ?"

"ಡೆಸ್ಕಿನವರು ಹೇಳಿದ್ದು ಒಂದು ಬಾಯಿ. ಒಂದೇ ಬಾಯಿ ನಂಬಿ ಹೆಂಗೆ ಕೇಳೋದು ಅಜ್ಜ? ನೀವು ಬಾಯೇ ಬಿಡ್ಲಿಲ್ಲ. ಎರಡನೇದು ಸಿಕ್ಕಿದ್ದು ಇವತ್ತು ಬೆಳಿಗ್ಗೆ. ಪತ್ರ ಓದಿದ ಖುಷಿಗೆ ಹೋಟೆಲಿನವರು ಎಲ್ಲ ಹೇಳಿಬಿಟ್ರು."

ಹೋಟೆಲಿನವರ ಮೇಲೆ ನನಗೆ ಮೊದಲಿನಿಂದಲೂ ಅನುಮಾನವಿತ್ತು.

ಸಂಜೆ ಮಗನೂ ಬಾಳೆಹೊನ್ನೂರಿನಿಂದ ಬಂದ. ಕೆಸುವಿನ ಪತ್ರೊಡೆ, ತಂಬುಳಿ, ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ. ಐದೂ ಜನ ಒಟ್ಟಿಗೆ ಸಾಲಾಗಿ ಎಲೆ ಹಾಕಿಕೊಂಡು ಕೂತೆವು. ಬಡಿಸುವವರು ಯಾರೂ ಬೇಡ, ನಡುವೆ ಪಾತ್ರೆ ಇಟ್ಟುಕೊಂಡು ಬಡಿಸಿಕೊಳ್ಳುವ ಎಂದು ನನ್ನ ಹೆಂಡತಿಯೇ ಹೇಳಿದಳು. ಪಾಯಸದ ಪಾತ್ರೆ ಸುಡುತ್ತಿತ್ತು. ಅದರ ಕೆಳಗೆ ಮಡಿಸಿ ಇಟ್ಟ ಕಾಗದವೊಂದು ಕಂಡಿತು. ಬಗ್ಗಿ ನೋಡಿದೆ. ಬಿ.ಎಡ್. ಫಾರಂ.

"ಯಾರು ಇಟ್ಟದ್ದು ಇದನ್ನು?" ಎಂದೆ.

"ನಾನೇ" ಎಂದ ಮಗ. "ಉಣ್ಣು ಅಪ್ಪ. ಅದನ್ನೂ ಇಬ್ಬರ ಹತ್ರ ಓದಿಸಬೇಕಾ?"

ಸೊಸೆಗೆ ನಗು ತಡೆಯದೆ ಅನ್ನ ನೆತ್ತಿಗೆ ಹತ್ತಿತು. ನಾನು ಎಲೆಯ ಕಡೆ ಮುಖ ಮಾಡಿದೆ. ಹೊಟ್ಟೆ ತುಂಬಿಹೋಗಿತ್ತು, 'ಸಾಕು' ಎಂದು ಕೈ ಅಡ್ಡ ಹಿಡಿದೆ. ಮೊಮ್ಮಗಳು ಕೇಳದೆ ಇನ್ನೊಂದು ಸೌಟು ಅನ್ನ ಹಾಕಿದಳು.

"ಪೂರ್ತಿ ಉಣ್ಣಬೇಕು ಅಜ್ಜ" ಎಂದಳು. "ಅಂಟಿಸ್ಲಿಕ್ಕೆ ಅಂತ ಎಲೆ ತುದಿಯಲ್ಲಿ ಉಳಿಸೋ ಹಾಗಿಲ್ಲ."

ಒಂದು ಅಗುಳೂ ಬಿಡದೆ ಉಂಡೆ.